ಲಕೋಟೆಯ ಹೊರಮೈ: ಜೇಡಿಮಣ್ಣಿನಿಂದ ಪಿಡಿಎಫ್‌ವರೆಗೆ

ಈ ಎಪಿಸೋಡ್ ಶುರು ಮಾಡೋಕೆ ಮುಂಚೆ ಒಂದು ಪ್ರಶ್ನೆ. ಬ್ಯಾಂಕಿನಿಂದ ಇಮೇಲ್‌ನಲ್ಲಿ ಸ್ಟೇಟ್‌ಮೆಂಟ್ ಬರುತ್ತೆ. ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತೆ. ಆ ಪಾಸ್‌ವರ್ಡ್ ಹೇಗೆ ಮಾಡ್ಕೋಬೇಕು ಅನ್ನೋ ಸೂತ್ರ ಅದೇ ಇಮೇಲ್‌ನಲ್ಲಿ ಬರೆದಿರುತ್ತೆ: ಹೆಸರಿನ ಮೊದಲ ನಾಲ್ಕು ಅಕ್ಷರ, ಆಮೇಲೆ ಹುಟ್ಟಿದ ದಿನ. ಬೀಗ ಹಾಕಿ, ಕೀಲಿ ಯಾವ ಹೂಕುಂಡದ ಕೆಳಗಿದೆ ಅಂತ ಬಾಗಿಲಿಗೇ ಚೀಟಿ ಅಂಟಿಸಿದ ಹಾಗೆ. ಇದರ ಬಗ್ಗೆ ಎಲ್ಲರೂ ಜೋಕ್ ಮಾಡ್ತಾರೆ. ನನ್ನ ಪ್ರಶ್ನೆ ಬೇರೆ. ಆ ಇಮೇಲ್ ಬ್ಯಾಂಕಿನದೇ ಅಂತ ನಿಮಗೆ ಹೇಗೆ ಗೊತ್ತಾಯ್ತು? ಲೋಗೊ ನೋಡಿ. ಬಣ್ಣ ನೋಡಿ. ಪ್ರತಿ ತಿಂಗಳು ಬರೋ ಅದೇ ವಿನ್ಯಾಸ, ಅದೇ ಸಾಲುಗಳು, ಅದೇ ಜಾಗದಲ್ಲಿ ನಿಮ್ಮ ಹೆಸರು. ಅಂದ್ರೆ, ಲಕೋಟೆಯ ಹೊರಮೈ ನೋಡಿ ನಂಬಿದಿರಿ.

ಇವತ್ತಿನ ಕಥೆ ಆ ಹೊರಮೈಯದ್ದು. ಕಾಗದವನ್ನ ಮುಚ್ಚಿ ಕಳಿಸೋದನ್ನ ಮನುಷ್ಯ ನಾಲ್ಕು ಸಾವಿರ ವರ್ಷದ ಹಿಂದೆಯೇ ಕಲಿತ. ಮುಚ್ಚಿದ್ದರ ಮೇಲೆ ಏನು ಬರೆದಿದೆ, ಅದನ್ನ ಯಾರು ಬರೆದರು, ದಾರಿಯಲ್ಲಿ ಯಾರಾದರೂ ತಿದ್ದಿದರಾ ಅನ್ನೋ ಪ್ರಶ್ನೆಗೆ ಉತ್ತರ ಮಾತ್ರ ಪ್ರತಿ ಕಾಲದಲ್ಲೂ ಅರ್ಧಕ್ಕೇ ನಿಂತಿತು.

ಮೊದಲು ಟರ್ಕಿಗೆ ಹೋಗೋಣ. ಅಲ್ಲಿ ಕುಲ್ತೆಪೆ ಅಂತ ಒಂದು ದಿಬ್ಬ ಇದೆ. ಹಳೇ ಹೆಸರು ಕಾನೆಶ್. ಕ್ರಿಸ್ತಪೂರ್ವ 1900ರ ಆಸುಪಾಸಿನಲ್ಲಿ ಅಸ್ಸೀರಿಯಾದ ವ್ಯಾಪಾರಿಗಳು ಅಶ್ಶೂರ್ ನಗರದಿಂದ ಕತ್ತೆಗಳ ಮೇಲೆ ತವರ, ಬಟ್ಟೆ ಹೇರಿಕೊಂಡು ಬಂದು ಇಲ್ಲಿ ಮಾರ್ತಿದ್ದರು. ಅವರ ಪತ್ರ, ಸಾಲಪತ್ರ, ಲೆಕ್ಕಪತ್ರ ಎಲ್ಲಾ ಜೇಡಿಮಣ್ಣಿನ ಹಲಗೆಗಳ ಮೇಲೆ. ಅಂಥ 20 ಸಾವಿರಕ್ಕೂ ಹೆಚ್ಚು ಹಲಗೆಗಳು ಸಿಕ್ಕಿವೆ. ಹಲಗೆ ಒಣಗಿದ ಮೇಲೆ ಅದರ ಸುತ್ತ ಇನ್ನೊಂದು ತೆಳು ಪದರ ಜೇಡಿಮಣ್ಣು ಸುತ್ತುತ್ತಿದ್ದರು. ನಮ್ಮಲ್ಲಿ ಹೂರಣದ ಸುತ್ತ ಕಣಕ ಸುತ್ತೋ ಹಾಗೆ. ಆ ಪದರವೇ ಲಕೋಟೆ. ಅದರ ಮೇಲೆ ಉರುಳೆ ಮುದ್ರೆ ಒತ್ತುತ್ತಿದ್ದರು.

ಸಾಲಪತ್ರಗಳಲ್ಲಿ ಅವರು ಮಾಡ್ತಿದ್ದ ಕೆಲಸ ನನಗೆ ತುಂಬಾ ಇಷ್ಟ. ಒಳಗಿನ ಹಲಗೆಯಲ್ಲಿ ಇರೋ ಮಾತನ್ನೇ ಲಕೋಟೆಯ ಮೇಲೂ ಬರೆಯುತ್ತಿದ್ದರು. ಹಾಗಾದ್ರೆ ಮುಚ್ಚಿದ್ದು ಯಾಕೆ? ಗುಟ್ಟಿಗೆ ಅಲ್ಲ, ಸಾಕ್ಷಿಗೆ. ಹೊರಗಿನ ಬರಹವನ್ನ ಯಾರಾದರೂ ತಿದ್ದಿದ್ದಾರೆ ಅಂತ ಜಗಳ ಬಂದರೆ ಎಲ್ಲರ ಮುಂದೆ ಲಕೋಟೆ ಒಡೆದು ಒಳಗಿನದನ್ನ ಓದಬಹುದು. ಒಂದು ಸಲ ಒಡೆದರೆ ಮತ್ತೆ ಜೋಡಿಸೋಕೆ ಆಗಲ್ಲ. ಹೊರಮೈ ಮತ್ತು ಒಳಮೈ ಒಂದಕ್ಕೊಂದು ಕಾವಲು. ಈ ಮಾತನ್ನ ನೆನಪಿಟ್ಟುಕೊಳ್ಳಿ, ಪಿಡಿಎಫ್ ಹತ್ತಿರ ಹೋದಾಗ ಬೇಕಾಗುತ್ತೆ.

ನಮ್ಮ ಕಡೆ ಇದೇ ಕೆಲಸವನ್ನ ತಾಮ್ರ ಮಾಡಿತು. ಚಾಲುಕ್ಯರು, ಗಂಗರು, ರಾಷ್ಟ್ರಕೂಟರು ಭೂಮಿ ದಾನ ಕೊಟ್ಟಾಗ ತಾಮ್ರಪಟ ಬರೆಸಿ ಕೊಡ್ತಿದ್ದರು. ಮ್ಯೂಸಿಯಂನಲ್ಲಿ ನೋಡಿರ್ತೀರಿ: ಮೂರೋ ಐದೋ ತಗಡು, ಒಂದು ಕಡೆ ತೂತು, ತೂತಿನೊಳಗೆ ದಪ್ಪ ಬಳೆ. ಬಳೆಯ ಎರಡು ತುದಿ ಸೇರುವ ಕಡೆ ರಾಜಮುದ್ರೆ. ಬಾದಾಮಿ ಚಾಲುಕ್ಯರದ್ದಾದರೆ ವರಾಹ, ಗಂಗರದ್ದಾದರೆ ಆನೆ. ಸಾಮಾನ್ಯವಾಗಿ ಮೊದಲ ತಗಡಿನ ಹೊರಮೈ ಮತ್ತು ಕೊನೇ ತಗಡಿನ ಹೊರಮೈ ಖಾಲಿ ಬಿಡ್ತಿದ್ದರು, ಬರಹ ಸವೆಯಬಾರದು ಅಂತ. ಬಳೆಯ ಕೆಲಸ ಸರಳ. ನಡುವೆ ಒಂದು ತಗಡು ತೆಗೆದು ಬೇರೆ ತಗಡು ಸೇರಿಸಬೇಕು ಅಂದ್ರೆ ಬಳೆ ಕತ್ತರಿಸಲೇಬೇಕು. ಕತ್ತರಿಸಿದ್ದು ಕಣ್ಣಿಗೆ ಕಾಣುತ್ತೆ. ಅದಕ್ಕೇ ಶಾಸನತಜ್ಞರು ಇವತ್ತಿಗೂ ತಾಮ್ರಪಟ ಕೈಗೆ ಬಂದ ಕೂಡಲೇ ಬಳೆ ಮೊದಲೇ ಕತ್ತರಿಸಿತ್ತೋ ಇಲ್ಲವೋ ಅಂತ ಬರೆದಿಡ್ತಾರೆ.

ಇಷ್ಟೆಲ್ಲಾ ಇದ್ದೂ ಖೋಟಾ ತಾಮ್ರಪಟ ಹುಟ್ಟಿದವು. ಒಂದಲ್ಲ ಎರಡಲ್ಲ. 19ನೇ ಶತಮಾನದ ಕೊನೆಯಲ್ಲಿ ಜೆ. ಎಫ್. ಫ್ಲೀಟ್, ಗಂಗರ ಹೆಸರಿನಲ್ಲಿ ಸಿಕ್ಕ ಎಷ್ಟೋ ತಾಮ್ರಪಟಗಳು ಆಮೇಲಿನ ಕಾಲದವರು ಮಾಡಿದ ಖೋಟಾ ಅಂತ ಹಟ ಹಿಡಿದು ವಾದಿಸಿದರು. ಮೈಸೂರಿನ ಬಿ. ಎಲ್. ರೈಸ್, ಎಪಿಗ್ರಾಫಿಯಾ ಕರ್ನಾಟಿಕದ ರೈಸ್, ಒಪ್ಪಲಿಲ್ಲ. ಇಬ್ಬರ ಜಗಳ ವರ್ಷಗಟ್ಟಲೆ ನಡೀತು. ಯಾರು ಸರಿ ಅನ್ನೋದು ಒಂದೊಂದು ತಾಮ್ರಪಟಕ್ಕೂ ಬೇರೆ. ನಮಗೆ ಬೇಕಾದ್ದು ಖೋಟಾ ಹೇಗೆ ಸಾಧ್ಯ ಆಯ್ತು ಅನ್ನೋದು. ದಾನಶಾಸನಕ್ಕೆ ಒಂದು ಸಿದ್ಧ ಮಾದರಿ ಇತ್ತು. ಮೊದಲು ಸ್ತುತಿ, ಆಮೇಲೆ ವಂಶಾವಳಿ, ಬಿರುದುಗಳು, ತಿಥಿ, ದಾನ ಪಡೆದವನ ಹೆಸರು, ಊರಿನ ಎಲ್ಲೆ, ಕೊನೆಗೆ ದಾನ ಕಿತ್ತುಕೊಂಡವನಿಗೆ ಶಾಪ. ಇವತ್ತಿನ ಭಾಷೆಯಲ್ಲಿ ಹೇಳಬೇಕಂದ್ರೆ ಟೆಂಪ್ಲೇಟ್. ಒಂದು ಅಸಲಿ ತಾಮ್ರಪಟ ಎದುರಿಗಿಟ್ಟುಕೊಂಡರೆ ಸಾಕು, ಹೆಸರು ಮತ್ತು ಎಲ್ಲೆ ಬದಲಿಸಿ ಇನ್ನೊಂದು ಕೊರೆಸಬಹುದು. ಫ್ಲೀಟ್ ಹಿಡಿದದ್ದು ಹೇಗೆ? ಅಕ್ಷರದ ಆಕಾರದಿಂದ, ತಿಥಿಯ ಲೆಕ್ಕದಿಂದ. ಮಾದರಿ ಹಳೇದು, ಕೈ ಹೊಸದು.

ಟೆಂಪ್ಲೇಟ್ ಅನ್ನೋದು ಕೆಲಸ ಸುಲಭ ಮಾಡುತ್ತೆ. ಯಾರಿಗೆ ಸುಲಭ ಮಾಡುತ್ತೆ ಅಂತ ಅದು ಕೇಳಲ್ಲ.

ಈಗ ಮೈಸೂರಿಗೆ. ನಮ್ಮ ಅಂಚೆ ವ್ಯವಸ್ಥೆ ಚಿಕ್ಕದೇವರಾಜ ಒಡೆಯರ ಕಾಲದ್ದು ಅಂತ ಹೆಮ್ಮೆಯಿಂದ ಹೇಳ್ತೀವಿ. ಹೆಮ್ಮೆ ಪಡಬೇಕಾದ್ದೇ. 1704ರವರೆಗೆ ಆಳಿದ ರಾಜ, ರಾಜ್ಯದ ಉದ್ದಗಲಕ್ಕೂ ಅಂಚೆ ಕಟ್ಟಿದ. 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯ ಜತೆ ಸೇರೋವರೆಗೂ ಮೈಸೂರು ಅಂಚೆ ತನ್ನ ಕಾಲ ಮೇಲೆ ನಿಂತಿತ್ತು. ಆದರೆ ಇದರ ಇನ್ನೊಂದು ಮುಖವನ್ನ ಶಾಲೆಯಲ್ಲಿ ಅಷ್ಟಾಗಿ ಹೇಳಲ್ಲ. ಮೈಸೂರಿನ ಇತಿಹಾಸ ಬರೆದ ಬ್ರಿಟಿಷ್ ಅಧಿಕಾರಿಗಳು ದಾಖಲಿಸಿರೋ ಪ್ರಕಾರ, ಅಂಚೆಯ ಮುಖ್ಯಸ್ಥರು ರಾಜನ ನಂಬಿಕೆಯ ಆಳುಗಳು; ಪತ್ರ ಹಂಚುವವರು ಅಧಿಕೃತವಾಗಿಯೇ ಗೂಢಚಾರರು. ತಮ್ಮ ಸೀಮೆಯಲ್ಲಿ ಗುಟ್ಟಾಗಿ ಏನು ನಡೀತಿದೆ ಅಂತ ತಪ್ಪದೆ ವರದಿ ಕಳಿಸೋದು ಅವರ ಕೆಲಸ. ಪತ್ರ ಮುಟ್ಟಿಸೋ ಕೈ, ರಾಜನ ಕಣ್ಣೂ ಆಗಿತ್ತು.

ಇದು ಮೈಸೂರಿಗೆ ಮಾತ್ರ ಸೇರಿದ ವಿಷಯ ಅಲ್ಲ. ಲಂಡನ್ ಇನ್ನೂ ಮುಂದಿತ್ತು. 1840ರ ಮೇ ತಿಂಗಳಲ್ಲಿ ಬ್ರಿಟನ್‌ನಲ್ಲಿ ಒಂದು ಪೆನ್ನಿಯ ಅಂಚೆ ಚೀಟಿ ಬಂತು. ಅದರ ಜತೆಗೇ ಸರ್ಕಾರ ಒಂದು ರೆಡಿಮೇಡ್ ಲಕೋಟೆ ಬಿಡುಗಡೆ ಮಾಡಿತು. ವಿಲಿಯಂ ಮುಲ್‌ರೆಡಿ ಅನ್ನೋ ಕಲಾವಿದ ಬರೆದ ಚಿತ್ರ: ನಡುವೆ ಬ್ರಿಟಾನಿಯಾ ದೇವಿ ಕೂತು ದೂತರನ್ನ ದಿಕ್ಕುದಿಕ್ಕಿಗೆ ಕಳಿಸ್ತಿದ್ದಾಳೆ, ಪಕ್ಕದಲ್ಲಿ ಆನೆ, ಒಂಟೆ, ಹಡಗು. ಜನ ಬಿದ್ದು ಬಿದ್ದು ನಕ್ಕರು. ಅಣಕು ಲಕೋಟೆಗಳು ಅಂಗಡಿಗೆ ಬಂದವು. ಅಂಚೆ ಸುಧಾರಣೆಯ ಹಿಂದಿದ್ದ ರೋಲೆಂಡ್ ಹಿಲ್, ಕೆಲವೇ ದಿನಗಳಲ್ಲಿ ಇದು ಸೋತಿದೆ ಅಂತ ಒಪ್ಪಿಕೊಳ್ಳಬೇಕಾಯ್ತು. ಉಳಿದ ರಾಶಿ ರಾಶಿ ಲಕೋಟೆ ನಾಶ ಮಾಡೋದೇ ಒಂದು ದೊಡ್ಡ ಕೆಲಸ ಆಯ್ತು. ಸರ್ಕಾರಿ ಟೆಂಪ್ಲೇಟ್‌ನ ಮೊದಲ ದೊಡ್ಡ ಫ್ಲಾಪ್ ಅನ್ನಬಹುದು.

ನಾಲ್ಕು ವರ್ಷ ಆದ ಮೇಲೆ ನಗು ನಿಂತಿತು. ಇಟಲಿಯ ಕ್ರಾಂತಿಕಾರಿ ಜುಸೆಪ್ಪೆ ಮಾಜಿನಿ ಆಗ ಲಂಡನ್‌ನಲ್ಲಿ ದೇಶಭ್ರಷ್ಟನಾಗಿ ಬದುಕ್ತಿದ್ದ. ತನ್ನ ಪತ್ರಗಳನ್ನ ಯಾರೋ ಒಡೀತಿದ್ದಾರೆ ಅನ್ನೋ ಅನುಮಾನ. ಮೇಣದ ಮುದ್ರೆ ಸರಿಯಾಗೇ ಇದೆ, ಲಕೋಟೆ ಹರಿದಿಲ್ಲ. ಅವನು ಮತ್ತು ಗೆಳೆಯರು ಪತ್ರದೊಳಗೆ ಗಸಗಸೆ ಕಾಳು, ಮರಳಿನ ಕಣ, ಒಂದು ಎಳೆ ಕೂದಲು ಇಟ್ಟು ಕಳಿಸಿದರು. ಪತ್ರ ಬಂದಾಗ ಕಾಳು ಮಾಯ. 1844ರ ಜೂನ್‌ನಲ್ಲಿ ಈ ವಿಷಯ ಸಂಸತ್ತಿಗೆ ಹೋಯಿತು. ಗೃಹಮಂತ್ರಿ ಸರ್ ಜೇಮ್ಸ್ ಗ್ರಹಾಂ ವಾರಂಟ್ ಕೊಟ್ಟದ್ದು, ಅಂಚೆ ಕಚೇರಿಯೊಳಗೇ ಪತ್ರ ಒಡೆದು ಓದಿ, ಮುದ್ರೆ ನಕಲು ಮಾಡಿ ಮತ್ತೆ ಮುಚ್ಚೋಕೆ ಒಂದು ಗುಪ್ತ ಕೋಣೆ ಇದ್ದದ್ದು ಎಲ್ಲಾ ಹೊರಬಂತು. ನೇಪಲ್ಸ್ ರಾಜ್ಯದ ಆಳ್ವಿಕೆಯ ವಿರುದ್ಧ ಹೊರಟಿದ್ದ ಬಂದಿಯೆರಾ ಸೋದರರನ್ನ ಅದೇ ಜುಲೈನಲ್ಲಿ ಇಟಲಿಯಲ್ಲಿ ಗುಂಡಿಟ್ಟು ಕೊಂದರು. ಲಂಡನ್‌ನಲ್ಲಿ ಒಡೆದ ಪತ್ರಗಳಿಂದಲೇ ಸುಳಿವು ಹೋಯಿತು ಅನ್ನೋ ಆರೋಪ ಗ್ರಹಾಂನನ್ನ ಬೆನ್ನಟ್ಟಿತು. ‘ಪಂಚ್’ ಪತ್ರಿಕೆ ಮುಲ್‌ರೆಡಿ ಲಕೋಟೆಯ ಮಾದರಿಯಲ್ಲೇ ಗ್ರಹಾಂ ವಿರೋಧಿ ಲಕೋಟೆ ಬರೆಸಿ ಅಚ್ಚು ಮಾಡಿತು, ಜಾನ್ ಲೀಚ್ ಚಿತ್ರಿಸಿದ್ದು. ಆಮೇಲೆ ಆ ಗುಪ್ತ ಕೋಣೆ ಮುಚ್ಚಿತು.

ಮಾಜಿನಿಯ ಗಸಗಸೆಯಲ್ಲಿ ನನಗೆ ಕಾಣೋದು ಇದು. ಅವನು ಬೀಗ ಗಟ್ಟಿ ಮಾಡೋಕೆ ಹೋಗಲಿಲ್ಲ. ಒಡೆದರೆ ಗೊತ್ತಾಗೋ ಹಾಗೆ ಮಾಡಿದ. ಕಾನೆಶ್‌ನ ವ್ಯಾಪಾರಿ, ತಾಮ್ರಪಟದ ಬಳೆ ಮಾಡಿದ ಅಕ್ಕಸಾಲಿ, ಇಬ್ಬರೂ ಅದನ್ನೇ ಮಾಡಿದ್ದು.

ಇನ್ನು ಕಂಪ್ಯೂಟರ್ ಕಾಲಕ್ಕೆ ಬರೋಣ. ಅಡೋಬಿಯ ಜಾನ್ ವಾರ್ನಾಕ್ 1990ರ ದಶಕದ ಶುರುವಿನಲ್ಲಿ ‘ಕ್ಯಾಮೆಲಾಟ್’ ಅನ್ನೋ ಯೋಜನೆ ಹಾಕಿಕೊಂಡರು: ಯಾವ ಕಂಪ್ಯೂಟರ್‌ನಲ್ಲಿ ತೆಗೆದರೂ ಪುಟ ಒಂದೇ ಥರ ಕಾಣಬೇಕು. 1993ರಲ್ಲಿ ಅದು ಪಿಡಿಎಫ್ ಆಗಿ ಹೊರಬಂತು. ಆಗ ಅದಕ್ಕೆ ಬೀಗ ಇರಲಿಲ್ಲ. ಮುಂದಿನ ಆವೃತ್ತಿಯಲ್ಲಿ ಪಾಸ್‌ವರ್ಡ್ ಬಂತು, 40 ಬಿಟ್‌ನ ಬೀಗ. ಇವತ್ತಿನ ಲೆಕ್ಕದಲ್ಲಿ ಅದು ಆಟಿಕೆ. ಆಮೇಲೆ 128, ಆಮೇಲೆ 256. ಈ ಭಾಗವನ್ನ ಬೇಗ ಮುಗಿಸ್ತೀನಿ, ಯಾಕಂದ್ರೆ ಬೀಗದ ಅಂಕೆ ಈ ಕಥೆಯ ಮುಖ್ಯ ವಿಷಯ ಅಲ್ಲ.

ಮುಖ್ಯ ವಿಷಯ 2005ರ ಹೊತ್ತಿಗೆ ಬಂದ ಅಕ್ರೊಬ್ಯಾಟ್ 7. ಅದರಲ್ಲಿ ‘ಇ-ಎನ್ವಲಪ್’ ಅಂತ ಒಂದು ಹೊಸ ಸೌಲಭ್ಯ ಬಂತು. ಆಮೇಲೆ ಅದೇ ‘ಸೆಕ್ಯೂರಿಟಿ ಎನ್ವಲಪ್’ ಆಯ್ತು. ಐಡಿಯಾ ಚೆನ್ನಾಗಿದೆ. ನಿಮ್ಮ ಹತ್ರ ಒಂದು ವರ್ಡ್ ಫೈಲ್, ಎರಡು ಎಕ್ಸೆಲ್, ಒಂದು ಫೋಟೊ ಇದೆ. ಎಲ್ಲಕ್ಕೂ ಬೇರೆ ಬೇರೆ ಬೀಗ ಹಾಕೋ ಬದಲು, ಒಂದು ಪಿಡಿಎಫ್ ತಗೊಂಡು ಅದರ ಹೊಟ್ಟೆಯೊಳಗೆ ಅವನ್ನೆಲ್ಲ ಅಟ್ಯಾಚ್ ಮಾಡಿ. ಒಳಗಿರೋ ಫೈಲ್‌ಗಳಿಗೆ ಮಾತ್ರ ಬೀಗ. ಹೊರಗಿನ ಪುಟಕ್ಕೆ ಇಲ್ಲ. ಯಾರು ತೆಗೆದರೂ ಮೊದಲ ಪುಟ ಕಾಣುತ್ತೆ: ಇಂಥವರಿಂದ ಇಂಥವರಿಗೆ, ಇಂಥ ದಿನ. ಒಳಗಿನದು ಬೇಕಂದ್ರೆ ಪಾಸ್‌ವರ್ಡ್ ಅಥವಾ ಡಿಜಿಟಲ್ ಸರ್ಟಿಫಿಕೇಟ್ ಬೇಕು. ಅಸಲಿ ಲಕೋಟೆಯ ಹಾಗೇ.

ಆ ಮೊದಲ ಪುಟವೇ ಟೆಂಪ್ಲೇಟ್. ಅಕ್ರೊಬ್ಯಾಟ್ ಜತೆ ಮೂರು ಸಿದ್ಧ ಟೆಂಪ್ಲೇಟ್ ಬರ್ತಿದ್ದವು: ಒಂದರಲ್ಲಿ ದಿನಾಂಕದ ಮುದ್ರೆ, ಒಂದರಲ್ಲಿ ಸಹಿಯ ಜಾಗ, ಮೂರನೆಯದು ಕಚೇರಿಯೊಳಗೆ ಇಲಾಖೆಯಿಂದ ಇಲಾಖೆಗೆ ಓಡಾಡೋ ಲಕೋಟೆಯ ಮಾದರಿ. ಈ ಮೂರನೆಯದು ಅಮೆರಿಕದ ಕಚೇರಿಗಳ ಕಂದು ಲಕೋಟೆಯ ನೆನಪು. ಅದರ ಮೇಲೆ ಸಾಲು ಸಾಲಾಗಿ ಹೆಸರು ಬರೆಯೋ ಚೌಕ ಇರುತ್ತೆ. ಹಿಂದಿನವರ ಹೆಸರು ಹೊಡೆದುಹಾಕಿ ನಿಮ್ಮ ಹೆಸರು ಬರೆದು ಮುಂದಕ್ಕೆ ಕಳಿಸ್ತಾರೆ. ಯಾರಿಂದ ಯಾರಿಗೆ ಏನೋ ಹೋಗಿದೆ ಅಂತ ಲಕೋಟೆ ನೋಡಿದವರಿಗೆಲ್ಲ ಗೊತ್ತಾಗುತ್ತೆ. ನಮ್ಮ ಆಫೀಸುಗಳಲ್ಲಿ ಫೈಲಿನ ಹೊರರಟ್ಟು ನೋಡಿಯೇ ಯಾರ ಟೇಬಲ್ ದಾಟಿ ಬಂತು ಅಂತ ಅಟೆಂಡರ್ ಹೇಳಿಬಿಡ್ತಾರಲ್ಲ, ಹಾಗೆ.

ಕಂಪನಿ ತನ್ನದೇ ಪಿಡಿಎಫ್ ಅನ್ನೂ ಟೆಂಪ್ಲೇಟ್ ಮಾಡ್ಕೋಬಹುದಿತ್ತು. ಲೋಗೊ, ವಿಳಾಸ, ತುಂಬಬೇಕಾದ ಖಾನೆಗಳು. ಜತೆಗೆ ಯಾವ ಬೀಗ ಹಾಕಬೇಕು ಅನ್ನೋ ‘ಪಾಲಿಸಿ’ಯನ್ನೂ ಮೊದಲೇ ಉಳಿಸಿಡಬಹುದು. ಕಳಿಸೋ ನೌಕರ ಯೋಚನೆ ಮಾಡಬೇಕಾಗೇ ಇಲ್ಲ: ಫೈಲ್ ಹಾಕು, ಟೆಂಪ್ಲೇಟ್ ಆರಿಸು, ಪಾಲಿಸಿ ಆರಿಸು, ಈಗಲೇ ಕಳಿಸ್ತೀಯೋ ಆಮೇಲೋ ಹೇಳು.

ಟೆಂಪ್ಲೇಟ್ ಅಂದ್ರೆ ಬರೀ ಅಲಂಕಾರ ಅಂತ ಇದನ್ನ ಡಿಸೈನ್ ಮಾಡೋ ಹುಡುಗರ ಕೈಗೆ ಬಿಡೋದು ಸರಿ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ಹೊರಪುಟದಲ್ಲಿ ‘ವಿಷಯ’ ಅಂತ ಒಂದು ಖಾನೆ ಇದ್ದರೆ, ಯಾರಾದರೂ ಅದರಲ್ಲಿ ವಿಷಯ ಬರೆದೇ ಬರೀತಾರೆ. ‘ಇಂಥವರ ವಜಾ ಆದೇಶ’, ‘ಇಂಥವರ ವೈದ್ಯಕೀಯ ವರದಿ’. ಒಳಗಿನ ವರದಿಗೆ 256 ಬಿಟ್‌ನ ಬೀಗ, ರೋಗದ ಹೆಸರು ಹೊರಗೆ ಬಯಲಿಗೆ. ಇನ್ನೊಂದು ಇದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಅಟ್ಯಾಚ್‌ಮೆಂಟ್‌ಗೆ ಮಾತ್ರ ಬೀಗ ಹಾಕಿದಾಗ, ಅಟ್ಯಾಚ್ ಆದ ಫೈಲ್‌ಗಳ ಹೆಸರು ಪಾಸ್‌ವರ್ಡ್ ಇಲ್ಲದೇ ಕಾಣುತ್ತೆ. ಒಳಗಿನದು ತೆರೆಯಲ್ಲ, ಆದರೆ ಫೈಲಿಗೆ ‘ರಾಜೀನಾಮೆ ಅಂತಿಮ’ ಅಂತ ಹೆಸರಿಟ್ಟಿದ್ದರೆ ಇನ್ನೇನು ಓದಬೇಕು? ಯಾವ ಖಾನೆ ಇರಬೇಕು, ಯಾವುದು ಇರಲೇಬಾರದು, ಮಾಸ್ಟರ್ ಕಾಪಿ ಯಾರ ಕೈಯಲ್ಲಿ, ಹೋದ ಸಲ ತುಂಬಿದ ಹೆಸರು ಅಳಿಸಿದೆಯಾ, ಹಳೇ ಲೋಗೊ ಇರೋದನ್ನ ತೆಗೆದುಹಾಕಿದ್ದಾರಾ. ಕೇಳೋಕೆ ಗುಮಾಸ್ತಿಕೆ ಥರ ಇದೆ. ಗುಟ್ಟು ಸೋರೋದು ಇಲ್ಲಿಂದಲೇ.

ಸೋರಿಕೆ ಒಂದು ಕಡೆ. ಇನ್ನೊಂದು ಕಡೆ ಖೋಟಾ. ಇದಕ್ಕೆ 2019ರವರೆಗೆ ಕಾಯಬೇಕಾಯ್ತು.

ಜರ್ಮನಿಯ ಬೋಖುಂ ವಿಶ್ವವಿದ್ಯಾಲಯ ಮತ್ತು ಮ್ಯುನ್‌ಸ್ಟರ್‌ನ ಸಂಶೋಧಕರು ಆ ವರ್ಷ ‘ಪಿಡಿಎಫೆಕ್ಸ್’ ಅನ್ನೋ ದಾಳಿಯನ್ನ ತೋರಿಸಿದರು. ಬೀಗ ಹಾಕಿದ ಪಿಡಿಎಫ್ ದಾರಿಯಲ್ಲಿ ಕಳ್ಳನ ಕೈಗೆ ಸಿಕ್ಕಿತು ಅಂದ್ಕೊಳ್ಳಿ. ಅವನಿಗೆ ಪಾಸ್‌ವರ್ಡ್ ಗೊತ್ತಿಲ್ಲ, ಬೇಕಾಗೂ ಇಲ್ಲ. ಪಿಡಿಎಫ್ ನಿಯಮದ ಪ್ರಕಾರ ಒಂದೇ ಫೈಲಿನಲ್ಲಿ ಬೀಗ ಇರೋ ಭಾಗ, ಬೀಗ ಇಲ್ಲದ ಭಾಗ ಎರಡೂ ಇರಬಹುದು. ಇ-ಎನ್ವಲಪ್ ಸಾಧ್ಯ ಆಗಿದ್ದೇ ಈ ನಿಯಮದಿಂದ. ಕಳ್ಳ ಬೀಗ ಇಲ್ಲದ ಭಾಗದಲ್ಲಿ ತನ್ನ ಎರಡು ಸಾಲು ಸೇರಿಸ್ತಾನೆ: ಈ ಫೈಲ್ ತೆರೆದ ಮೇಲೆ ಒಳಗಿನ ಬರಹವನ್ನ ಇಂಥ ವೆಬ್ ವಿಳಾಸಕ್ಕೆ ಕಳಿಸು. ಆಮೇಲೆ ಫೈಲನ್ನ ಮುಂದಕ್ಕೆ ಬಿಡ್ತಾನೆ. ಅಸಲಿ ವ್ಯಕ್ತಿ ತೆರೀತಾರೆ, ತಮ್ಮ ಕೈಯಾರೆ ಸರಿಯಾದ ಪಾಸ್‌ವರ್ಡ್ ಹಾಕ್ತಾರೆ, ಬರಹ ಕಳ್ಳನಿಗೆ ಹೋಗುತ್ತೆ. ಅವರು 27 ಪಿಡಿಎಫ್ ಸಾಫ್ಟ್‌ವೇರ್ ಪರೀಕ್ಷಿಸಿದರು. 27ರಲ್ಲೂ ದಾಳಿಯ ಒಂದಲ್ಲ ಒಂದು ರೂಪ ನಡೀತು.

ಬೀಗ ಮುರಿದಿಲ್ಲ, ಗಮನಿಸಿ. ಲಕೋಟೆಯ ಮೇಲೆ ಬರೆದರು, ಅಷ್ಟೇ. ಹೊರಗಡೆ ಯಾರೋ ಏನೋ ಸೇರಿಸಿದ್ದಾರೆ ಅಂತ ಹೇಳೋಕೆ ಪಿಡಿಎಫ್‌ನ ಪಾಸ್‌ವರ್ಡ್ ಬೀಗದಲ್ಲಿ ಏನೂ ಇರಲಿಲ್ಲ. ಬಳೆ ಇಲ್ಲ, ಗಸಗಸೆ ಇಲ್ಲ.

‘ಡಿಜಿಟಲ್ ಸಹಿ ಇದೆಯಲ್ಲ?’ ಅಂತ ನೀವು ಕೇಳಬಹುದು. ಇದೆ. ಫೈಲಿನ ಬೈಟ್‌ಗಳ ಮೇಲೆ ಸಹಿ ಹಾಕಿದರೆ, ತಿದ್ದಿದ್ದು ಗೊತ್ತಾಗಬೇಕು. ಸಹಿ ಜಾಗ ಇರೋ ಇ-ಎನ್ವಲಪ್ ಟೆಂಪ್ಲೇಟ್‌ನ ಬೆಲೆ ಅಲ್ಲೇ ಇರೋದು. ನನ್ನನ್ನ ಕೇಳಿದರೆ ಮೂರರಲ್ಲಿ ಅದೊಂದನ್ನೇ ಇಟ್ಟುಕೊಳ್ಳಿ ಅಂತೀನಿ. ಆದರೆ ಅದೇ 2019ರಲ್ಲಿ ಬೋಖುಂ ತಂಡ ಸಹಿಯನ್ನೂ ಪರೀಕ್ಷಿಸಿತು. ಅಮೆಜಾನ್‌ನ ಸಹಿ ಇರೋ ಒಂದು ಬಿಲ್ ತಗೊಂಡು, ಒಂದು ಲಕ್ಷ ಕೋಟಿ ಡಾಲರ್ ವಾಪಸ್ ಬರಬೇಕು ಅಂತ ತಿದ್ದಿದರು. ಪರೀಕ್ಷಿಸಿದ 22 ಡೆಸ್ಕ್‌ಟಾಪ್ ಸಾಫ್ಟ್‌ವೇರ್‌ಗಳಲ್ಲಿ 21 ಒಂದಲ್ಲ ಒಂದು ರೀತಿಯಲ್ಲಿ ಮೋಸ ಹೋದವು, ಸಹಿ ಸರಿಯಿದೆ ಅಂದವು. ಕಂಪನಿಗಳು ಆಮೇಲೆ ತಿದ್ದುಪಡಿ ಕೊಟ್ಟವು. ಹಾಗಾಗಿ ಫೋನಿನ ಪಿಡಿಎಫ್ ಆ್ಯಪ್ ಅಪ್‌ಡೇಟ್ ಕೇಳಿದಾಗ ಮುಂದೂಡಬೇಡಿ ಅಂತ ಹೇಳೋಕೆ ನನ್ನ ಹತ್ರ ಕಾರಣ ಇದೆ.

ನಮ್ಮ ಜೇಬಿನೊಳಗಿರೋ ಉದಾಹರಣೆ ಇ-ಆಧಾರ್. ಯುಐಡಿಎಐ ಕೊಡೋ ಪಿಡಿಎಫ್‌ಗೆ ಪಾಸ್‌ವರ್ಡ್ ಎಂಟು ಅಕ್ಷರ: ಇಂಗ್ಲಿಷ್‌ನಲ್ಲಿ ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರ, ಹುಟ್ಟಿದ ಇಸವಿ. ನಿಮ್ಮ ಕ್ಲಾಸ್‌ಮೇಟ್‌ಗಳೆಲ್ಲರಿಗೂ ಅದು ಗೊತ್ತು. ಅಂದ್ರೆ ಅದು ಗುಟ್ಟಿನ ಬೀಗ ಅಲ್ಲ, ಗಾಳಿಗೆ ತೆರೆಯದಿರಲಿ ಅಂತ ಹಾಕಿದ ಚಿಲಕ. ಅದರಲ್ಲಿ ಬೆಲೆಯುಳ್ಳದ್ದು ಡಿಜಿಟಲ್ ಸಹಿ. ಅದನ್ನೋ, ನಾವು ಸೈಬರ್ ಸೆಂಟರ್‌ನಲ್ಲಿ ಪ್ರಿಂಟ್ ಹಾಕಿಸಿದ ಕೂಡಲೇ ಕಳ್ಕೊಳ್ತೀವಿ, ಕಾಗದದ ಮೇಲೆ ಸಹಿ ಪರೀಕ್ಷಿಸೋಕೆ ಆಗಲ್ಲ. ಪ್ರಿಂಟ್ ಆದ ಮೇಲೆ ಅಂಗಡಿಯ ಕಂಪ್ಯೂಟರಿನಲ್ಲಿ ಫೈಲ್ ಉಳೀತು, ವಾಟ್ಸ್ಆ್ಯಪ್‌ನಲ್ಲಿ ಕೆಳಗಡೆಯೇ ಪಾಸ್‌ವರ್ಡ್ ಉಳೀತು. 2022ರ ಮೇ ತಿಂಗಳಲ್ಲಿ ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ಪ್ರತಿಯನ್ನ ಕಂಡಕಂಡವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕೆ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಕೊಡಿ ಅಂತ ಪ್ರಕಟಣೆ ಕೊಟ್ಟಿತ್ತು. ಎರಡೇ ದಿನಕ್ಕೆ, ತಪ್ಪು ಅರ್ಥ ಬರುತ್ತೆ ಅಂತ ಕೇಂದ್ರ ಅದನ್ನ ವಾಪಸ್ ತಗೊಂಡಿತು. ಪ್ರಕಟಣೆ ಹೋಯಿತು, ಮಾಸ್ಕ್ಡ್ ಆಧಾರ್ ಸೌಲಭ್ಯ ಇದೆ. ಡೌನ್‌ಲೋಡ್ ಮಾಡುವಾಗ ಒಂದು ಟಿಕ್ ಹಾಕಿದರೆ ಸಾಕು.

ಇನ್ನು ಲಕೋಟೆಗೆ ಬಳೆ ಬಂತಾ? 2024ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್ಒ, 32004 ಅನ್ನೋ ಸಂಖ್ಯೆಯ ಒಂದು ತಾಂತ್ರಿಕ ನಿಯಮ ಪ್ರಕಟಿಸಿತು. ಬೀಗ ಹಾಕಿದ ಪಿಡಿಎಫ್‌ನ ಯಾವ ಭಾಗ ತಿದ್ದಿದರೂ ಗೊತ್ತಾಗೋ ಹಾಗೆ, ಇಡೀ ಫೈಲಿಗೆ ಒಂದು ಗುರುತು ಕಟ್ಟೋ ವಿಧಾನ ಅದು. ಪಿಡಿಎಫ್‌ಗೆ ಪಾಸ್‌ವರ್ಡ್ ಬಂದು ಸುಮಾರು 30 ವರ್ಷ ಆದ ಮೇಲೆ. ಸಾಫ್ಟ್‌ವೇರ್‌ಗಳು ಅದನ್ನ ಒಂದೊಂದಾಗಿ ಅಳವಡಿಸಿಕೊಳ್ಳಬೇಕು, ಮತ್ತು ಅದಕ್ಕೆ ಮುಂಚೆ ಬೀಗ ಹಾಕಿದ ಫೈಲ್‌ಗಳಿಗೆ ಅದು ತಾನಾಗೇ ಬರಲ್ಲ. ಅವು ಬಳೆ ಇಲ್ಲದ ತಗಡುಗಳಾಗೇ ಇರ್ತವೆ.

ಪ್ರಶ್ನೆ ಇದ್ದರೆ ಬರೆದು ಕಳಿಸಿ. ಪಾಸ್‌ವರ್ಡ್ ಹಾಕಿ ಕಳಿಸೋದೇನೂ ಬೇಡ.